ಒಂದೇ ಬಾವುಟ, ಎರಡು ವೇದಿಕೆ

ಮೊದಲು ಒಂದು ಕೂಡಿಸುವ ಲೆಕ್ಕ ಮಾಡೋಣ. 2023ರ ವಿಧಾನಸಭಾ ಚುನಾವಣೆ, ದಕ್ಷಿಣ ಕನ್ನಡದ ಪುತ್ತೂರು ಕ್ಷೇತ್ರ. ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ಅವರಿಗೆ 66,607 ಮತ. ಪಕ್ಷೇತರ ಅರುಣ್ ಕುಮಾರ್ ಪುತ್ತಿಲ ಅವರಿಗೆ 62,458. ಬಿಜೆಪಿಯ ಆಶಾ ತಿಮ್ಮಪ್ಪ ಅವರಿಗೆ 37,558. ಎರಡನೆಯದಕ್ಕೆ ಮೂರನೆಯದನ್ನು ಕೂಡಿಸಿ. 1,00,016. ಗೆದ್ದವರಿಗಿಂತ 33 ಸಾವಿರಕ್ಕೂ ಜಾಸ್ತಿ.

ಫಲಿತಾಂಶದ ದಿನ ನಾನು ಉಡುಪಿಯ ಒಂದು ಹೋಟೆಲಿನಲ್ಲಿ ಟಿವಿ ನೋಡುತ್ತಾ ಕೂತಿದ್ದೆ. ಉಡುಪಿ ಜಿಲ್ಲೆಯ ಐದೂ ಸ್ಥಾನ ಬಿಜೆಪಿಗೆ ಹೋಗಿತ್ತು. ಆದರೆ ಗೋಳಿಬಜೆ ತಿನ್ನುತ್ತಿದ್ದವರ ಮಾತೆಲ್ಲ ಪುತ್ತೂರಿನದ್ದೇ. ಗೆದ್ದವರು ಹಿಂದೆ ಬಿಜೆಪಿಯಲ್ಲಿ ಇದ್ದವರು. ಎರಡನೇ ಸ್ಥಾನ ಪಡೆದವರು ಟಿಕೆಟ್ ಸಿಗದೆ ಬಂಡಾಯ ಎದ್ದವರು. ಮೂರನೆಯವರು ಟಿಕೆಟ್ ಪಡೆದವರು. ಅಂದರೆ ಮೂವರೂ ಹೆಚ್ಚು ಕಡಿಮೆ ಒಂದೇ ಅಂಗಳದಿಂದ ಹೊರಟವರು. ಅಲ್ಲಿ ನಡೆದದ್ದು ಮೂರು ಪಕ್ಷಗಳ ಚುನಾವಣೆಯೋ ಅಥವಾ ಒಂದೇ ಮನೆಯ ಪಾಲುಪಟ್ಟಿಯೋ?

ಪುತ್ತಿಲ ಅವರಿಗೆ ಬಿದ್ದ ಮತವೆಲ್ಲ ಇಲ್ಲದಿದ್ದರೆ ಬಿಜೆಪಿಗೇ ಬೀಳುತ್ತಿತ್ತು ಎಂದು ಹೇಳಲಾಗದು. ಒಬ್ಬ ಅಭ್ಯರ್ಥಿಗೆ ಹಾಕುವ ಮತ ಎಂದರೆ ಡಬ್ಬಿಯಿಂದ ಡಬ್ಬಿಗೆ ಸುರಿಯುವ ಅಕ್ಕಿಯಲ್ಲ. ಆದರೂ ಈ ಲೆಕ್ಕ ಒಂದು ವಿಷಯವನ್ನು ಚೆನ್ನಾಗಿ ತೋರಿಸುತ್ತದೆ. ಪಕ್ಷದೊಳಗಿನ ಬಣ ಜಗಳವನ್ನು ನಾವು ಪಕ್ಷ ಸೊರಗಿದ್ದರ ಲಕ್ಷಣ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಉಲ್ಟಾ. ಪಕ್ಷ ಎಲ್ಲಿ ಗಟ್ಟಿಯೋ ಅಲ್ಲಿ ಬಣ ಜಾಸ್ತಿ.

ಯಾಕೆ ಅಂತ ನೋಡಿ. ದಕ್ಷಿಣ ಕನ್ನಡದಲ್ಲಿ 8, ಉಡುಪಿಯಲ್ಲಿ 5, ಒಟ್ಟು 13 ವಿಧಾನಸಭಾ ಕ್ಷೇತ್ರ. 2018ರಲ್ಲಿ ಅದರಲ್ಲಿ 12 ಬಿಜೆಪಿಗೆ ಬಂತು. 2023ರಲ್ಲಿ 11. ಇಂಥ ಕಡೆ ಎದುರಾಳಿ ಪಕ್ಷದ ಜೊತೆಗಿನ ಹೋರಾಟ ಎರಡನೆಯದು. ಟಿಕೆಟ್ ಸಿಕ್ಕರೆ ಅರ್ಧ ಗೆದ್ದಂತೆ. ಹಾಗಾಗಿ ಮೊದಲ ಮತ್ತು ನಿಜವಾದ ಚುನಾವಣೆ ಪಕ್ಷದ ಒಳಗೇ ನಡೆಯುತ್ತದೆ. ಆದರೆ ಆ ಚುನಾವಣೆಗೆ ಮತಪೆಟ್ಟಿಗೆ ಇಲ್ಲ, ಮತದಾರರ ಪಟ್ಟಿ ಇಲ್ಲ, ದಿನಾಂಕ ಇಲ್ಲ. ಗೆಲ್ಲುವ ಸಾಧ್ಯತೆಯೇ ಇಲ್ಲದ ಪಕ್ಷದಲ್ಲಿ ಅಭ್ಯರ್ಥಿಯನ್ನು ಹುಡುಕಿ ಕರೆತಂದು ನಿಲ್ಲಿಸಬೇಕು. ಅಲ್ಲಿ ಯಾರು ಯಾರ ಕಾಲೆಳೆಯಬೇಕು ಹೇಳಿ?

ಇದು ಬಿಜೆಪಿಯ ಗುಣ ಅಂತಲೂ ಅಲ್ಲ. ಕಾಂಗ್ರೆಸ್ ಇಲ್ಲಿ ಗಟ್ಟಿಯಾಗಿದ್ದ ಕಾಲದಲ್ಲಿ ಬಣಗಳೂ ಅಲ್ಲೇ ಇದ್ದವು. ರಾಜಕೀಯ ಶಾಸ್ತ್ರಜ್ಞ ರಜನಿ ಕೊಠಾರಿ 1964ರಲ್ಲೇ ಇದನ್ನು ಗುರುತಿಸಿದ್ದರು. ಆಗಿನ ದಿನಗಳಲ್ಲಿ ವಿರೋಧ ಪಕ್ಷಗಳು ಸಣ್ಣವು. ಆದರೆ ವಿರೋಧ ಇರಲಿಲ್ಲವೆಂದಲ್ಲ, ಅದು ಕಾಂಗ್ರೆಸ್ಸಿನ ಒಳಗೆ ಬಣಗಳ ರೂಪದಲ್ಲಿತ್ತು ಎಂಬುದು ಅವರ ವಿವರಣೆ. ಹೊರಗಿನ ಸಣ್ಣ ಪಕ್ಷಗಳು ಒಳಗಿನ ಬಣಗಳ ಮೇಲೆ ಒತ್ತಡ ಹಾಕುತ್ತಿದ್ದವು. ಒಂದು ಬಣ ಇಳಿದು ಇನ್ನೊಂದು ಬಣ ಏರಿದರೆ ಸರ್ಕಾರವೇ ಬದಲಾದಂತೆ ಆಗುತ್ತಿತ್ತು. ಬಣ ಎಂದರೆ ರೋಗ ಎಂದು ತಿಳಿದವರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಆದರೆ ಅಂದಿನ ಕಾಂಗ್ರೆಸ್ ಅಷ್ಟು ಕಾಲ ಉಳಿದದ್ದು ಬಣಗಳಿಂದಲೇ ಎನ್ನುವ ಮಾತಿನಲ್ಲಿ ಹುರುಳಿದೆ ಎಂದು ನನಗೂ ಅನ್ನಿಸುತ್ತದೆ.

ಈಗ ಪದಗಳನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ಪತ್ರಿಕೆಗಳಲ್ಲಿ ಬಣ, ಭಿನ್ನಮತ, ಬಂಡಾಯ, ವಿಭಜನೆ ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಅವು ಒಂದೇ ಏಣಿಯ ಬೇರೆ ಬೇರೆ ಮೆಟ್ಟಿಲು. ಬಣ ಅಂದರೆ ಒಬ್ಬ ನಾಯಕನ ಸುತ್ತ ಸೇರಿದ ಗುಂಪು. ಅದಕ್ಕೆ ಹೆಸರಿಲ್ಲ, ಬೋರ್ಡಿಲ್ಲ. ಕೇಳಿದರೆ ಎಲ್ಲರೂ ನಮ್ಮಲ್ಲಿ ಬಣವೇ ಇಲ್ಲ ಎನ್ನುತ್ತಾರೆ. ಆ ಗುಂಪು ಬಾಯಿ ಬಿಟ್ಟು ಮಾತಾಡಿದರೆ ಭಿನ್ನಮತ. ನಾಮಪತ್ರ ಹಾಕಿದರೆ ಬಂಡಾಯ. ಬೇರೆ ಬಾವುಟ ಹಾರಿಸಿದರೆ ವಿಭಜನೆ. ಮೇಲಕ್ಕೆ ಹತ್ತಿದವರು ಕೆಳಗೆ ಇಳಿಯಬಾರದು ಅಂತೇನೂ ಇಲ್ಲ. ಕುಂದಾಪುರದ ಹಾಲಾಡಿ ಶ್ರೀನಿವಾಸ ಶೆಟ್ಟಿ ಬಿಜೆಪಿಯಿಂದ 1999, 2004, 2008ರಲ್ಲಿ ಗೆದ್ದವರು. ಮಂತ್ರಿ ಸ್ಥಾನ ಕೈತಪ್ಪಿದ ಬೇಸರದಲ್ಲಿ ಹೊರನಡೆದರು. 2013ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದರು. 2018ರಲ್ಲಿ ಮತ್ತೆ ಬಿಜೆಪಿಯಿಂದಲೇ ಗೆದ್ದರು. ಮತದಾರರು ಮೂರೂ ರೂಪದಲ್ಲಿ ಅವರನ್ನೇ ಆರಿಸಿದರು. ಇಲ್ಲಿ ಮತ ಪಕ್ಷದ್ದೋ ವ್ಯಕ್ತಿಯದೋ ಎಂದು ಕೇಳಿದರೆ ಕುಂದಾಪುರದವರು ನಕ್ಕು ಸುಮ್ಮನಾಗುತ್ತಾರೆ.

ಬಣ ಯಾತರ ಮೇಲೆ ನಿಲ್ಲುತ್ತದೆ? ಸಿದ್ಧಾಂತದ ಮೇಲೆ ನಿಲ್ಲುವುದು ಅಪರೂಪ, ಆದರೆ ಉಂಟು. 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಒಡೆದು ಸಿಪಿಐ ಮತ್ತು ಸಿಪಿಎಂ ಆದಾಗ ಅದರ ಬಿಸಿ ಮಂಗಳೂರಿನ ಬೀಡಿ ಕಾರ್ಮಿಕರವರೆಗೂ ಬಂತು. ಸಿಪಿಐ ಕಡೆಯ ಕಾರ್ಮಿಕ ಸಂಘ ಎಐಟಿಯುಸಿ ಒಂದು ಕಡೆ, 1970ರಲ್ಲಿ ಹುಟ್ಟಿದ ಸಿಪಿಎಂ ಕಡೆಯ ಸಿಐಟಿಯು ಇನ್ನೊಂದು ಕಡೆ. ಎಲೆ ಅದೇ, ತಂಬಾಕು ಅದೇ, ಬಾವುಟದ ಬಣ್ಣವೂ ಅದೇ. ಸಂಘ ಮಾತ್ರ ಎರಡು.

ಹೆಚ್ಚಿನ ಬಣಗಳು ನಿಲ್ಲುವುದು ಹಂಚಿಕೆಯ ಮೇಲೆ. ಟಿಕೆಟ್, ಮಂತ್ರಿಗಿರಿ, ನಿಗಮ ಮಂಡಳಿ, ಜಿಲ್ಲಾಧ್ಯಕ್ಷ ಸ್ಥಾನ, ದೇವಸ್ಥಾನದ ವ್ಯವಸ್ಥಾಪನಾ ಸಮಿತಿ, ಕೊನೆಗೆ ನಮ್ಮ ರಸ್ತೆಗೆ ಡಾಮರು. ನಮ್ಮ ಕಡೆ ಇದಕ್ಕೆ ಜಾತಿಯ ಲೆಕ್ಕವೂ ಸೇರುತ್ತದೆ. ಬಿಲ್ಲವರಿಗೆ ಎಷ್ಟು, ಬಂಟರಿಗೆ ಎಷ್ಟು, ಮೊಗವೀರರಿಗೆ ಒಂದಾದರೂ ಬೇಡವೇ, ಸುಳ್ಯ ಪುತ್ತೂರು ಕಡೆ ಗೌಡರ ಮಾತೇನು. ಈ ಲೆಕ್ಕ ಎಲ್ಲ ಪಕ್ಷಗಳ ಕಚೇರಿಯಲ್ಲೂ ನಡೆಯುತ್ತದೆ. ಆದರೆ ಜಾತಿ ಒಂದೇ ಬಣ ಕಟ್ಟುವುದಿಲ್ಲ ಎನ್ನುವುದನ್ನೂ ನೆನಪಿಡಬೇಕು. ಒಂದೇ ಜಾತಿಯ ಇಬ್ಬರು ಒಂದೇ ಟಿಕೆಟಿಗೆ ನಿಂತಾಗಲೇ ಜಗಳ ಜೋರು.

ಇನ್ನೊಂದು ಬಿರುಕು ಇದೆ, ಅದನ್ನು ಜನ ಬಣ ಎಂದು ಕರೆಯುವುದೇ ಇಲ್ಲ. ಅದು ನಾಯಕ ನಾಯಕರ ನಡುವೆ ಅಲ್ಲ, ಮೇಲಿನವರಿಗೂ ಕೆಳಗಿನವರಿಗೂ ನಡುವೆ. 2022ರ ಜುಲೈಯಲ್ಲಿ ಬೆಳ್ಳಾರೆಯಲ್ಲಿ ಬಿಜೆಪಿ ಯುವ ಮೋರ್ಚಾದ ಪ್ರವೀಣ್ ನೆಟ್ಟಾರು ಅವರ ಕೊಲೆಯಾಯಿತು. ಮರುದಿನ ಅಂತಿಮ ದರ್ಶನಕ್ಕೆ ಬಂದ ಪಕ್ಷದ ರಾಜ್ಯಾಧ್ಯಕ್ಷ ನಳಿನ್ ಕುಮಾರ್ ಕಟೀಲ್ ಅವರ ಕಾರನ್ನು ಅದೇ ಪಕ್ಷದ ಕಾರ್ಯಕರ್ತರು ಸುತ್ತುವರಿದು ಅಲುಗಾಡಿಸಿದರು. ಸರ್ಕಾರ ನಮ್ಮದೇ, ಆದರೂ ನಮ್ಮನ್ನು ಕೇಳುವವರಿಲ್ಲ ಎನ್ನುವ ಸಿಟ್ಟು ಅದು. ಹತ್ತು ತಿಂಗಳ ನಂತರ ಪುತ್ತೂರಿನಲ್ಲಿ ಬಿದ್ದ 62,458 ಮತಗಳಲ್ಲಿ ಆ ಸಿಟ್ಟಿನ ಪಾಲು ದೊಡ್ಡದು ಎಂದೇ ನನ್ನ ಅಂದಾಜು. ಟಿಕೆಟ್ ಜಗಳ ಬರೀ ನೆಪ. ಕಾರ್ಯಕರ್ತರ ಸಿಟ್ಟಿಗೆ ಒಂದು ಹೆಸರು, ಒಂದು ಚಿಹ್ನೆ ಸಿಕ್ಕಿತು ಅಷ್ಟೇ.

ಟಿಕೆಟ್ ಹೇಗೆ ತೀರ್ಮಾನ ಆಗುತ್ತದೆ ಎಂದು ನೋಡಿದರೆ ಈ ಸಿಟ್ಟು ಅರ್ಥವಾಗುತ್ತದೆ. ಬೂತಿನಲ್ಲಿ ಕೂರುವವರು, ಮನೆ ಮನೆಗೆ ಚೀಟಿ ಹಂಚುವವರು ಕೆಳಗಿದ್ದಾರೆ. ಹೆಸರುಗಳು ಜಿಲ್ಲೆಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ದೆಹಲಿಯ ಚುನಾವಣಾ ಸಮಿತಿಗೆ ಹೋಗುತ್ತವೆ. ದಾರಿಯಲ್ಲಿ ಅಭಿಪ್ರಾಯ ಕೇಳುವುದುಂಟು, ಸಮೀಕ್ಷೆ ಮಾಡಿಸುವುದುಂಟು. 2023ರ ಚುನಾವಣೆಗೆ ಮೊದಲು ಕಾಂಗ್ರೆಸ್ ಆಕಾಂಕ್ಷಿಗಳಿಂದ ಅರ್ಜಿಯನ್ನೇ ಕರೆದಿತ್ತು. ಸಾಮಾನ್ಯ ವರ್ಗದವರು ಅರ್ಜಿಯ ಜೊತೆ 2 ಲಕ್ಷ ರೂಪಾಯಿಯ ಡಿಡಿ ಕೊಡಬೇಕಿತ್ತು. ಆದರೂ ಕೊನೆಯ ಮಾತು ದೆಹಲಿಯದ್ದೇ. ಅಮೆರಿಕದಲ್ಲಿ ಪಕ್ಷದ ಬೆಂಬಲಿಗರೇ ಮತ ಹಾಕಿ ತಮ್ಮ ಅಭ್ಯರ್ಥಿಯನ್ನು ಆರಿಸುತ್ತಾರೆ. ಅಲ್ಲೂ ಬಣಗಳಿವೆ, ಆದರೆ ಬೈಲಿನಲ್ಲಿ ನಿಂತು ಜಗಳವಾಡುತ್ತವೆ. ನಮ್ಮಲ್ಲಿ ಆ ಬೈಲು ಇಲ್ಲ. ಹಾಗಾಗಿ ಒಳಗೆ ಸೋತವನಿಗೆ ತಾನು ಸೋತಿದ್ದೇನೆ ಎಂದು ಅನ್ನಿಸುವುದೇ ಇಲ್ಲ. ಯಾರೋ ನನ್ನ ಹೆಸರು ಹೊಡೆದರು ಅನ್ನಿಸುತ್ತದೆ. ಎಣಿಸಿ ತೋರಿಸಿದರೆ ಒಪ್ಪಿಕೊಳ್ಳಬಹುದಿತ್ತೇನೋ.

ಕೊನೆಗೆ ಎಲ್ಲ ಬಂದು ನಿಲ್ಲುವುದು ಒಂದು ಹಾಳೆಯ ಮೇಲೆ, ಬಿ ಫಾರಂ. ಈತನೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರ ಅದು. ಅದಕ್ಕೆ ಸಹಿ ಹಾಕುವ ಅಧಿಕಾರ ಯಾರದ್ದು ಎಂದು ಹೇಳುವುದು ಎ ಫಾರಂ. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಎರಡೂ ಚುನಾವಣಾಧಿಕಾರಿಯ ಕೈ ಸೇರಬೇಕು. ಪಕ್ಷಗಳು ಪಟ್ಟಿಯನ್ನು ಕೊನೆಯವರೆಗೂ ಎಳೆಯುವುದರ ಗುಟ್ಟು ಇಲ್ಲಿದೆ. ಹೆಸರು ತಡವಾಗಿ ಬಂದರೆ ಬಂಡಾಯ ಏಳುವವನಿಗೆ ಉಳಿಯುವ ಸಮಯ ಕಡಿಮೆ.

ಆದರೆ ಟಿಕೆಟ್ ತಪ್ಪಿಸಿದರೆಲ್ಲ ಬಂಡಾಯ ಏಳುತ್ತದೆ ಎನ್ನುವುದೂ ತಪ್ಪು. 2023ರಲ್ಲಿ ಉಡುಪಿ ಜಿಲ್ಲೆಯಲ್ಲಿ ಬಿಜೆಪಿ ಐದರಲ್ಲಿ ನಾಲ್ಕು ಕಡೆ ಮುಖ ಬದಲಿಸಿತು. ಉಡುಪಿಯಲ್ಲಿ ರಘುಪತಿ ಭಟ್ ಬದಲು ಯಶ್‌ಪಾಲ್ ಸುವರ್ಣ, ಕಾಪುವಿನಲ್ಲಿ ಲಾಲಾಜಿ ಮೆಂಡನ್ ಬದಲು ಗುರ್ಮೆ ಸುರೇಶ್ ಶೆಟ್ಟಿ, ಬೈಂದೂರಿನಲ್ಲಿ ಸುಕುಮಾರ ಶೆಟ್ಟಿ ಬದಲು ಗುರುರಾಜ ಗಂಟಿಹೊಳೆ. ಕುಂದಾಪುರದಲ್ಲಿ ಹಾಲಾಡಿಯವರು ಹಿಂದೆ ಸರಿದರು, ಕಿರಣ್ ಕೊಡ್ಗಿ ಬಂದರು. ಕಾರ್ಕಳದಲ್ಲಿ ಮಾತ್ರ ಸುನಿಲ್ ಕುಮಾರ್ ಮತ್ತೆ. ಐದೂ ಗೆದ್ದವು. ಬೇಸರ ಇರಲಿಲ್ಲವೇ? ಇತ್ತು. ಆದರೆ ಟಿಕೆಟ್ ತಪ್ಪಿದ ಶಾಸಕರು ಎದುರು ನಿಲ್ಲಲಿಲ್ಲ. ಪುತ್ತೂರಿನ ವಿಚಿತ್ರ ಏನೆಂದರೆ, ಅಲ್ಲಿ ಟಿಕೆಟ್ ಕಳೆದುಕೊಂಡ ಶಾಸಕ ಸಂಜೀವ ಮಠಂದೂರು ಬಂಡಾಯ ನಿಲ್ಲಲಿಲ್ಲ. ನಿಂತದ್ದು ಎಂದೂ ಶಾಸಕರಾಗದ, ಕಾರ್ಯಕರ್ತರ ನಡುವೆ ಬೆಳೆದ ಮನುಷ್ಯ. ಹಾಗಾಗಿ ಬಂಡಾಯದ ಬಲವನ್ನು ಅಳೆಯುವಾಗ ಮಾಜಿ ಶಾಸಕನ ಮುಖಕ್ಕಿಂತ ಬೂತಿನಲ್ಲಿ ಕೂರುವ ಹುಡುಗರು ಯಾರ ಜೊತೆ ಹೋದರು ಎಂದು ನೋಡುವುದು ಒಳ್ಳೆಯದು.

ರಘುಪತಿ ಭಟ್ ಅವರ ಬಂಡಾಯ ಒಂದು ವರ್ಷ ತಡವಾಗಿ ಬಂತು. 2024ರಲ್ಲಿ ವಿಧಾನ ಪರಿಷತ್ತಿನ ನೈಋತ್ಯ ಪದವೀಧರ ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತರು. ಪಕ್ಷ ಅವರನ್ನು ಉಚ್ಚಾಟಿಸಿತು. ಗೆದ್ದದ್ದು ಬಿಜೆಪಿಯ ಧನಂಜಯ ಸರ್ಜಿ. ಅದೇ ವರ್ಷ ಮಾರ್ಚಿನಲ್ಲಿ ಪುತ್ತಿಲ ಬಿಜೆಪಿಗೆ ವಾಪಸ್ ಬಂದಿದ್ದರು. ಒಬ್ಬರು ಒಳಗೆ, ಇನ್ನೊಬ್ಬರು ಹೊರಗೆ!

ಪುತ್ತೂರಿಗೆ ಇದು ಹೊಸ ಕಥೆಯೂ ಅಲ್ಲ. ಶಕುಂತಳಾ ಶೆಟ್ಟಿ 2004ರಲ್ಲಿ ಅಲ್ಲಿ ಬಿಜೆಪಿಯಿಂದ ಗೆದ್ದರು. 2008ರಲ್ಲಿ ಟಿಕೆಟ್ ತಪ್ಪಿತು, ಪಕ್ಷೇತರರಾಗಿ ನಿಂತು ಸೋತರು. 2013ರಲ್ಲಿ ಅದೇ ಕ್ಷೇತ್ರದಿಂದ ಕಾಂಗ್ರೆಸ್ ಶಾಸಕಿಯಾದರು.

ಬಣ ಒಡೆದು ಪಕ್ಷವೇ ಎರಡಾದರೆ ಆಗ ಕಾನೂನು ಬರುತ್ತದೆ. ಇದನ್ನು ನಮ್ಮ ಊರಿನ ಮಾತಿನಲ್ಲಿ ಹೇಳುತ್ತೇನೆ. ತುಳುನಾಡಿನ ಕುಟುಂಬಗಳಲ್ಲಿ ಜಗಳ ಬಂದರೆ ಗದ್ದೆ ಪಾಲಾಗುತ್ತದೆ, ತೋಟ ಪಾಲಾಗುತ್ತದೆ. ದೈವದ ಭಂಡಾರ ಮಾತ್ರ ಪಾಲಾಗುವುದಿಲ್ಲ. ಅದು ಎಲ್ಲಿ ಉಳಿಯಿತೋ ಅದೇ ತರವಾಡು ಮನೆ, ಅಂದರೆ ಕುಟುಂಬದ ಮೂಲ ಮನೆ. ಪಕ್ಷದ ಚಿಹ್ನೆಯೂ ಹಾಗೆಯೇ. ಯಾರ ಕೈಗೆ ಚಿಹ್ನೆ ಬಂತೋ ಅವರೇ ಮೂಲ, ಉಳಿದವರು ಹೊಸ ಮನೆ ಕಟ್ಟಬೇಕು.

1969ರಲ್ಲಿ ಕಾಂಗ್ರೆಸ್ ಒಡೆದಾಗ ಇದೇ ಪ್ರಶ್ನೆ ಎದ್ದಿತು. ಅಧ್ಯಕ್ಷರಾಗಿದ್ದವರು ನಮ್ಮ ಎಸ್. ನಿಜಲಿಂಗಪ್ಪ. ಜಗಳಕ್ಕೆ ಬೆಂಕಿ ಬಿದ್ದದ್ದು ಅದೇ ವರ್ಷ ಬೆಂಗಳೂರಿನಲ್ಲಿ ನಡೆದ ಸಭೆಯಲ್ಲಿ. ರಾಷ್ಟ್ರಪತಿ ಸ್ಥಾನಕ್ಕೆ ಪಕ್ಷ ನೀಲಂ ಸಂಜೀವ ರೆಡ್ಡಿ ಎಂದಿತು. ಇಂದಿರಾ ಗಾಂಧಿ ಒಲವು ವಿ.ವಿ. ಗಿರಿ ಕಡೆ. ಗಿರಿ ಗೆದ್ದರು. ನವೆಂಬರಿನಲ್ಲಿ ಅಧ್ಯಕ್ಷರು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. ಪಕ್ಷದ ಚಿಹ್ನೆ ಜೋಡೆತ್ತು. ಎರಡೂ ಬಣ ಅದು ನಮ್ಮದು ಎಂದವು. 1971ರ ಲೋಕಸಭಾ ಚುನಾವಣೆಯಲ್ಲಿ ಜೋಡೆತ್ತು ಯಾರಿಗೂ ಸಿಗಲಿಲ್ಲ. ಇಂದಿರಾ ಬಣಕ್ಕೆ ಹಸು ಕರು, ಇನ್ನೊಂದಕ್ಕೆ ಚರಕ. ಇಂಥ ಜಗಳದಲ್ಲಿ ಪಕ್ಷದ ಸಮಿತಿಗಳಲ್ಲೂ ಸದನದಲ್ಲೂ ಯಾರಿಗೆ ಬಹುಮತ ಎಂದು ಎಣಿಸುವುದು ಸರಿಯಾದ ಅಳತೆ ಎಂದು ಅದೇ ವರ್ಷ ಸುಪ್ರೀಂ ಕೋರ್ಟ್ ಒಪ್ಪಿತು. 1968ರ ಚಿಹ್ನೆ ಆದೇಶದ 15ನೇ ಪ್ಯಾರಾ ಚುನಾವಣಾ ಆಯೋಗಕ್ಕೆ ಈ ಅಧಿಕಾರ ಕೊಡುತ್ತದೆ. 2023ರ ಫೆಬ್ರವರಿಯಲ್ಲಿ ಶಿವಸೇನೆಯ ಬಿಲ್ಲು ಬಾಣ ಏಕನಾಥ್ ಶಿಂಧೆ ಬಣಕ್ಕೆ ಹೋದದ್ದೂ ಇದೇ ಪ್ಯಾರಾದ ಬಲದಿಂದ.

ಇನ್ನೊಂದು ಕಾನೂನು ಪಕ್ಷಾಂತರ ನಿಷೇಧ. 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿಯಿಂದ ಬಂತು. ವಿಪ್ ಅಂದರೆ ಪಕ್ಷದ ಅಪ್ಪಣೆ ಮೀರಿ ಸದನದಲ್ಲಿ ಮತ ಹಾಕಿದರೆ ಶಾಸಕತ್ವ ಹೋಗಬಹುದು. ಮೊದಲು ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಹೊರಬಂದರೆ ವಿಭಜನೆ ಎಂದು ಬಿಡುತ್ತಿದ್ದರು. 2003ರಲ್ಲಿ ಆ ಬಾಗಿಲು ಮುಚ್ಚಿತು. ಈಗ ಉಳಿದಿರುವುದು ಮೂರನೇ ಎರಡು ಭಾಗ ಸೇರಿ ಬೇರೆ ಪಕ್ಷದಲ್ಲಿ ವಿಲೀನ ಆಗುವ ದಾರಿ. ಬಣ ಕಡಿಮೆಯಾಯಿತೇ? ಇಲ್ಲ, ವೇಷ ಬದಲಿಸಿತು. ಸದನದಲ್ಲಿ ಎದುರು ಮತ ಹಾಕುವ ಬದಲು ರಾಜೀನಾಮೆ ಕೊಡುವುದು ರೂಢಿಯಾಯಿತು. 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರು. ಅನರ್ಹತೆ ಸರಿ, ಆದರೆ ಮತ್ತೆ ಸ್ಪರ್ಧಿಸಬಹುದು ಎಂದಿತು ಸುಪ್ರೀಂ ಕೋರ್ಟ್. ಡಿಸೆಂಬರಿನಲ್ಲಿ 15 ಕಡೆ ಉಪಚುನಾವಣೆ ನಡೆಯಿತು, 12 ಬಿಜೆಪಿ ಗೆದ್ದಿತು. ರೆಸಾರ್ಟ್‌ಗಳು ತುಂಬುವುದರ ಹಿಂದೆ ಈ ಕಾನೂನಿನ ಕೈಯೂ ಇದೆ. ಸದನದಲ್ಲಿ ಎದ್ದು ನಿಂತು ನನಗೆ ಒಪ್ಪಿಗೆ ಇಲ್ಲ ಎಂದು ಮತ ಹಾಕಲು ಬಿಡದಿದ್ದರೆ ಶಾಸಕ ಬೇರೆ ದಾರಿ ಹುಡುಕುತ್ತಾನೆ, ಅಲ್ವಾ?

ಬಣ ಜಗಳದ ಬೆಲೆ ಎಷ್ಟು ಎಂದು ಕೇಳಿದರೆ ನಾನು ಎರಡು ಅವಧಿ ತೋರಿಸುತ್ತೇನೆ. 1989ರಲ್ಲಿ ಕಾಂಗ್ರೆಸ್ ಭಾರೀ ಬಹುಮತದಿಂದ ಬಂತು. ಮುಖ್ಯಮಂತ್ರಿ ವೀರೇಂದ್ರ ಪಾಟೀಲ್. ಇವರು 1969ರಲ್ಲಿ ಇಂದಿರಾ ವಿರುದ್ಧದ ಬಣದಲ್ಲಿದ್ದವರು, 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಎದುರೇ ನಿಂತು ಸೋತವರು, ಆಮೇಲೆ ಕಾಂಗ್ರೆಸ್ಸಿಗೆ ಮರಳಿದವರು. ಒಂದು ವರ್ಷ ತುಂಬುವ ಮೊದಲೇ ಹೈಕಮಾಂಡ್ ಅವರನ್ನು ಇಳಿಸಿತು. ಬಂಗಾರಪ್ಪ ಬಂದರು. 1992ರ ನವೆಂಬರಿನಲ್ಲಿ ಅವರನ್ನೂ ಇಳಿಸಿ ನಮ್ಮ ಕಾರ್ಕಳದ ವೀರಪ್ಪ ಮೊಯಿಲಿ ಬಂದರು. ಒಂದೇ ಅವಧಿಗೆ ಮೂವರು. 1994ರಲ್ಲಿ ಬಂಗಾರಪ್ಪ ತಮ್ಮದೇ ಕರ್ನಾಟಕ ಕಾಂಗ್ರೆಸ್ ಪಕ್ಷ (ಕೆಸಿಪಿ) ಕಟ್ಟಿ 10 ಸ್ಥಾನ ಗೆದ್ದರು. ಕಾಂಗ್ರೆಸ್ ಬಿಜೆಪಿಗಿಂತಲೂ ಹಿಂದೆ, ಮೂರನೇ ಸ್ಥಾನಕ್ಕೆ ಕುಸಿಯಿತು.

2008ರಲ್ಲಿ ಬಂದ ಬಿಜೆಪಿ ಅದೇ ಪಾಠವನ್ನು ಮೊದಲಿನಿಂದ ಓದಿತು. 2011ರಲ್ಲಿ ಯಡಿಯೂರಪ್ಪ ರಾಜೀನಾಮೆ ಕೊಟ್ಟಾಗ ಒಮ್ಮತ ಮೂಡಲಿಲ್ಲ. ಶಾಸಕರು ಗುಪ್ತ ಮತದಾನ ಮಾಡಿದರು. ಜಗದೀಶ ಶೆಟ್ಟರ್ ಎದುರು ಗೆದ್ದವರು ಸುಳ್ಯದ ಡಿ.ವಿ. ಸದಾನಂದ ಗೌಡ, ಆಗ ಉಡುಪಿ ಚಿಕ್ಕಮಗಳೂರಿನ ಸಂಸದ. ಅಪರೂಪಕ್ಕೆ ಎಣಿಸಿ ಆರಿಸಿದರು, ಆದರೂ ಜಗಳ ನಿಲ್ಲಲಿಲ್ಲ. ಗೌಡರು ಬಿಟ್ಟ ಲೋಕಸಭಾ ಸ್ಥಾನಕ್ಕೆ 2012ರ ಮಾರ್ಚಿನಲ್ಲಿ ಉಪಚುನಾವಣೆ ನಡೆದಾಗ ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆ ಗೆದ್ದರು. ಮುಖ್ಯಮಂತ್ರಿಯದ್ದೇ ಸ್ಥಾನ! ಜುಲೈಯಲ್ಲಿ ಗೌಡರೂ ಇಳಿದರು, ಶೆಟ್ಟರ್ ಬಂದರು. ಅವಧಿಗೆ ಮೂವರು, ಇಲ್ಲೂ. ವರ್ಷದ ಕೊನೆಗೆ ಯಡಿಯೂರಪ್ಪ ಕರ್ನಾಟಕ ಜನತಾ ಪಕ್ಷ (ಕೆಜೆಪಿ) ಕಟ್ಟಿದರು. 2013ರಲ್ಲಿ ಕೆಜೆಪಿಗೆ ಸಿಕ್ಕಿದ್ದು 6 ಸ್ಥಾನ, ಬಿಜೆಪಿ ಇಳಿದದ್ದು 40ಕ್ಕೆ. ಕರಾವಳಿಯ 13ರಲ್ಲಿ ಬಿಜೆಪಿಗೆ ಉಳಿದದ್ದು ಸುಳ್ಯ ಮತ್ತು ಕಾರ್ಕಳ, ಎರಡೇ. ಕೆಜೆಪಿ ಇಲ್ಲಿ ದೊಡ್ಡ ಶಕ್ತಿ ಆಗಿರಲಿಲ್ಲ. ಆದರೆ ಐದು ವರ್ಷ ಟಿವಿಯಲ್ಲಿ ಮನೆ ಜಗಳ ನೋಡಿ ಬೇಸತ್ತವರು ಇಲ್ಲೂ ಇದ್ದರು.

ನಿಮ್ಮ ಊರಿನಲ್ಲಿ ಬಣ ಇದೆಯೋ ಇಲ್ಲವೋ ತಿಳಿಯಲು ವರದಿಗಾರರೇ ಆಗಬೇಕಿಲ್ಲ. ಫ್ಲೆಕ್ಸ್ ನೋಡಿ. ಯಾರ ಮುಖ ದೊಡ್ಡದು, ಯಾರದ್ದು ಮೂಲೆಯಲ್ಲಿ, ಯಾರದ್ದು ಇಲ್ಲವೇ ಇಲ್ಲ. ಒಂದೇ ಜಯಂತಿಗೆ ಒಂದೇ ಪಕ್ಷದವರು ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಹೂ ಹಾಕಿದರೆ ಅರ್ಥ ಮಾಡಿಕೊಳ್ಳಿ. "ಅಭಿಮಾನಿ ಬಳಗ" ಎಂಬ ಹೆಸರಿನಲ್ಲಿ ರಕ್ತದಾನ ಶಿಬಿರ ಜಾಸ್ತಿಯಾದರೂ ಅಷ್ಟೇ. ಕಾಲೇಜು ದಿನಗಳಲ್ಲಿ ನಾನೂ ಒಂದು ಪಕ್ಷಕ್ಕೆ ಸುಮ್ನೆ ಉಮೇದಿನಲ್ಲಿ ಪೋಸ್ಟರ್ ಅಂಟಿಸಿದವನು. ಒಂದು ರಾತ್ರಿ ಮೈದಾ ಅಂಟಿನ ಬಕೆಟ್ ಹಿಡಿದು ಹೋದರೆ ನಮ್ಮದೇ ಪಕ್ಷದ ಇನ್ನೊಂದು ಜೀಪು ಎದುರು ಬಂತು. ಅವರು ನಮ್ಮ ಪೋಸ್ಟರಿನ ಮೇಲೆಯೇ ತಮ್ಮದನ್ನು ಅಂಟಿಸುತ್ತಿದ್ದರು. ಅಭ್ಯರ್ಥಿ ಒಬ್ಬರೇ, ಕೆಳಗೆ ಶುಭಕೋರುವವರ ಹೆಸರು ಬೇರೆ.

ಬಣವನ್ನು ತೆರೆದ ಬೆಳಕಿನಲ್ಲಿ ನೋಡಬೇಕೆಂದರೆ ಗ್ರಾಮ ಪಂಚಾಯತ್ ಚುನಾವಣೆಗೆ ಕಾಯಬೇಕು. ಕರ್ನಾಟಕದಲ್ಲಿ ಅದಕ್ಕೆ ಪಕ್ಷದ ಚಿಹ್ನೆ ಇಲ್ಲ. ಬಿ ಫಾರಂ ಇಲ್ಲ, ಹಾಗಾಗಿ ಅಧಿಕೃತ ಅಭ್ಯರ್ಥಿ ಎಂಬ ಮಾತೂ ಇಲ್ಲ. ಒಂದೇ ವಾರ್ಡಿನಲ್ಲಿ ಇಬ್ಬರು ಒಂದೇ ಪಕ್ಷದ "ಬೆಂಬಲಿತರು" ಎಂದು ಹೇಳಿಕೊಂಡು ಎದುರುಬದುರು ನಿಲ್ಲುತ್ತಾರೆ. ಒಬ್ಬರ ಚಿಹ್ನೆ ಅಟೋರಿಕ್ಷಾ, ಇನ್ನೊಬ್ಬರದ್ದು ತೆಂಗಿನಮರ. ಫಲಿತಾಂಶದ ಸಂಜೆ ಗೆದ್ದವರನ್ನು ಜಿಲ್ಲಾ ಕಚೇರಿಗೆ ಕರೆಸಿ ಶಾಲು ಹೊದೆಸುತ್ತಾರೆ. ಸೋತವರೂ ಬಂದು ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ.